ಡೈರಿ ಬರೆಯೋಕೆ ಕೂತರೆ ಮೊದಲ ಸಾಲೇ ಬರ್ತಿಲ್ಲ, ನೀವೆಲ್ಲ ಹೇಗೆ ಶುರು ಮಾಡ್ತೀರಿ?

ಅರ್ಧಸಾಲು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಡೈರಿ ಬರೆಯುವ ರೂಢಿ ಇರೋರು ತುಂಬಾ ಜನ ಇದ್ದೀರಿ, ಹಾಗಾಗಿ ಕೇಳ್ತಿದ್ದೀನಿ.

ನಾನು ಲೆಕ್ಕಪತ್ರದ ಕೆಲಸ ಮಾಡೋಳು. ದಿನವಿಡೀ ಬರೆಯೋದೇ ಕೆಲಸ, ಆದರೆ ಅದೆಲ್ಲ ಬೇರೆಯವರ ಅಂಕಿಸಂಖ್ಯೆ. ನನ್ನದು ಅಂತ ಒಂದು ಪುಟ ಬರೆದು ಅಭ್ಯಾಸ ಇಲ್ಲ. ಈಗ ಬರೆಯಲೇಬೇಕು ಅನ್ನಿಸಿದೆ. ಅಮ್ಮನಿಗೆ ಮರೆವು ಶುರುವಾಗಿದೆ. ವಯಸ್ಸಿನ ಮರೆವಲ್ಲ, ಕಾಯಿಲೆ ಅಂತ ಡಾಕ್ಟರು ಹೇಳಿದ್ದಾರೆ, ಔಷಧಿ ನಡೀತಿದೆ. ಮೊನ್ನೆ ತಂಗಿ ಫೋನ್ ಮಾಡಿ "ಹೋದ ತಿಂಗಳಿಗೂ ಈಗಿಗೂ ಅಮ್ಮನಲ್ಲಿ ಏನು ವ್ಯತ್ಯಾಸ ಇದೆ" ಅಂತ ಕೇಳಿದಳು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಜೊತೆಯಲ್ಲೇ ಇದ್ದೀನಿ, ಆದರೂ ಅವರು ಯಾವತ್ತು ಏನು ಅಂದ್ರು, ಯಾವುದಕ್ಕೆ ನಕ್ಕರು, ಯಾವುದಕ್ಕೆ ರೇಗಿದರು ಅನ್ನೋದು ಒಂದೂ ಸರಿಯಾಗಿ ನೆನಪಿಲ್ಲ. ಎಲ್ಲ ಜಾರಿ ಹೋಗ್ತಿದೆ. ಅದನ್ನ ಹಿಡಿದಿಟ್ಟುಕೋಬೇಕು. ನನ್ನ ತಲೆಯೂ ಒಂಚೂರು ಹಗುರಾದರೆ ಸಾಕು ಅನ್ನೋ ಆಸೆನೂ ಇದೆ.

ರಾತ್ರಿ ಅಮ್ಮ ಮಲಗಿದ ಮೇಲೆ ನೋಟ್‌ಬುಕ್ ತೆಗೆದು ತಾರೀಖು ಹಾಕ್ತೀನಿ. "ಇವತ್ತು" ಅಂತ ಬರೀತೀನಿ. ಅಲ್ಲಿಗೆ ನಿಂತುಹೋಗುತ್ತೆ. ಜಗ್ಗಿ ಎಳೆದು ಮುಂದುವರಿಸಿದರೆ "ತುಂಬಾ ಸುಸ್ತು, ತುಂಬಾ ಬೇಜಾರು" ಅಂತ ಬರುತ್ತೆ. ಹಿಂದಿನ ಪುಟ ತಿರುಗಿಸಿದರೆ ಅಲ್ಲೂ ಅದೇ ಎರಡು ಮಾತು. ಡೈರಿ ಬರೆಯೋರಿಗೆ ಅಂತ ಪ್ರಶ್ನೆಗಳ ಪಟ್ಟಿ ಎಲ್ಲ ಕಡೆ ಸಿಗುತ್ತಲ್ಲ, ಅವನ್ನೂ ನೋಡಿದೆ. "ಐದು ವರ್ಷದ ನಂತರ ನೀವು ಎಲ್ಲಿರಬೇಕು?" "ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿರುವ ಭಯ ಯಾವುದು?" ರಾತ್ರಿ ಹತ್ತೂವರೆಗೆ ಅಂಥದಕ್ಕೆ ಉತ್ತರ ಹುಡುಕೋ ಶಕ್ತಿ ನನ್ನಲ್ಲಿ ಉಳಿದಿರಲ್ಲ.

ಮೊದಲ ಸಾಲಲ್ಲಿ ನೀವು ನಿಜವಾಗಿ ಏನು ಬರೀತೀರಿ? ಬರೀ ಗೋಳಾಗದ ಹಾಗೆ ಹೇಗೆ ನೋಡ್ಕೋತೀರಿ? ಮನೆಯವರು ಯಾರಾದರೂ ಓದಿಬಿಟ್ಟರೆ ಅನ್ನೋ ಅಳುಕಿಗೆ ಏನು ಮಾಡ್ತೀರಿ? ಪುಸ್ತಕದ ಮಾತು ಬೇಡ, ನೀವು ಮಾಡೋದನ್ನ ಹೇಳಿ.

ಪುಟದಂಚು:

ಮೇಡಂ, ಮೊದಲು "ದಿನಾ ಒಂದು ಪುಟ" ಅನ್ನೋ ಲೆಕ್ಕ ಬಿಟ್ಟುಬಿಡಿ. ನಾನು ಶುರು ಮಾಡಿದ್ದು ಗೋಡೆಗೆ ತೂಗು ಹಾಕೋ ಕ್ಯಾಲೆಂಡರ್ ಮೇಲೆ. ತಾರೀಖಿನ ಚೌಕದಲ್ಲಿ ಎಷ್ಟು ಹಿಡಿಸುತ್ತೋ ಅಷ್ಟೇ, ಐದಾರು ಪದ. ಚೌಕ ತುಂಬಿದ ಮೇಲೆ ಬರೆಯೋಕೆ ಜಾಗವೇ ಇರಲ್ಲ, ಹಾಗಾಗಿ ಇನ್ನೂ ಬರೀಬೇಕಿತ್ತು ಅನ್ನೋ ಕೊರಗೂ ಇರಲ್ಲ. ಆಮೇಲೆ ಚೌಕ ಸಾಲದು ಅಂತ ತಾನಾಗೇ ಅನ್ನಿಸಿದಾಗ ನೋಟ್‌ಬುಕ್ಕಿಗೆ ಬಂದೆ.

ಇನ್ನೊಂದು, ಪೆನ್ನು ನೋಟ್‌ಬುಕ್ ಒಳಗೇ ಇರಲಿ. ಪೆನ್ನು ಹುಡುಕೋಕೆ ಎದ್ದರೆ ಅವತ್ತಿನ ಬರವಣಿಗೆ ಮುಗಿದ ಹಾಗೆ. ರಾತ್ರಿ ಹತ್ತೂವರೆ ನಿಮಗೆ ಒಗ್ಗದೆ ಇರಬಹುದು. ದಿನಾ ತಪ್ಪದೆ ಮಾಡೋ ಕೆಲಸ ಯಾವುದಾದರೂ ಇದೆಯಾ ನೋಡಿ, ಅಮ್ಮನಿಗೆ ಮಾತ್ರೆ ಕೊಡೋದು ಅಂತಿಟ್ಟುಕೊಳ್ಳಿ, ಅದರ ಬೆನ್ನಿಗೇ ಬರೆದುಬಿಡಿ. ನೋಟ್‌ಬುಕ್ಕನ್ನೂ ಮಾತ್ರೆ ಡಬ್ಬಿ ಪಕ್ಕದಲ್ಲೇ ಇಡಿ.

ರಾತ್ರಿಪಾಳಿ:

ಅರ್ಧಸಾಲು ಅವರೇ, ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಮುಂದೆ ಹೋಗೋಕೆ ಆಗಲಿಲ್ಲ. ಉದ್ದ ಆಗಬಹುದು, ಪುರುಸೊತ್ತಾದಾಗ ಓದಿ.

ನಾನು ಬಹಳ ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಹೆಚ್ಚಿನ ಕಾಲ ರಾತ್ರಿ ಪಾಳಿ. ಡೈರಿ ಬರೆಯೋದನ್ನ ನನಗೆ ಕಲಿಸಿದ್ದು ವಾರ್ಡಿನ ನೋಟ್ಸ್. ಪಾಳಿ ಬದಲಾಗುವಾಗ ಹೋಗೋ ಸಿಸ್ಟರ್ ಬರೋ ಸಿಸ್ಟರ್‌ಗೆ ಪ್ರತಿ ರೋಗಿಯ ವಿಷಯ ಒಪ್ಪಿಸಬೇಕು, ಬರೆದೂ ಇಡಬೇಕು. ಹೊಸಬರು ಬಂದಾಗ ಎಲ್ಲರೂ ಬರೆಯೋದು ಒಂದೇ ಥರ: "ರೋಗಿ ಬೇಸರದಲ್ಲಿದ್ದಾರೆ." "ರಾತ್ರಿ ಸರಿಯಾಗಿ ಮಲಗಲಿಲ್ಲ." ಹಿರಿಯ ಸಿಸ್ಟರ್ ಅದನ್ನ ಒಪ್ಪುತ್ತಿರಲಿಲ್ಲ. ಬೇಸರದಲ್ಲಿದ್ದಾರೆ ಅಂತ ನಿನಗೆ ಹೇಗೆ ಗೊತ್ತಾಯ್ತು, ಅದನ್ನ ಬರಿ ಅನ್ನೋರು. ಆಗ ವಾಕ್ಯ ಹೀಗಾಗೋದು: "2.40ಕ್ಕೆ ಎಚ್ಚರವಾಗಿದ್ದರು. ಗೋಡೆ ಕಡೆ ತಿರುಗಿದ್ದರು. ಎರಡು ಸಲ ಮಾತಾಡಿಸಿದೆ, ಉತ್ತರ ಕೊಡಲಿಲ್ಲ. 'ಮಗ ಬಂದನಾ' ಅಂತ ಕೇಳಿದರು." ರೋಗಿ ಆಡಿದ ಮಾತನ್ನ ನಮ್ಮ ಭಾಷೆಗೆ ತಿದ್ದೋ ಹಾಗಿಲ್ಲ, ಅವರ ಬಾಯಲ್ಲಿ ಹೇಗೆ ಬಂತೋ ಹಾಗೇ ಬರೀಬೇಕು. ಬೆಳಗಿನ ಪಾಳಿಯವಳು ಅದನ್ನ ಓದಿದರೆ ಸಾಕು, ಆ ಮನುಷ್ಯನ ಹತ್ತಿರ ಹೇಗೆ ಹೋಗಬೇಕು ಅಂತ ಅವಳಿಗೆ ತಿಳಿಯೋದು. "ಬೇಸರದಲ್ಲಿದ್ದಾರೆ" ಅನ್ನೋದನ್ನ ಓದಿದರೆ ಏನೂ ತಿಳಿಯಲ್ಲ, ವಾರ್ಡಿನಲ್ಲಿ ಬೇಸರದಲ್ಲಿ ಇರದವರು ಯಾರು?

ನೀವು "ತುಂಬಾ ಸುಸ್ತು, ತುಂಬಾ ಬೇಜಾರು" ಅಂತ ಬರೆದು ನಿಂತುಬಿಡೋದೂ ಇದೇ ಕಾರಣಕ್ಕೆ ಅನ್ನಿಸುತ್ತೆ ನನಗೆ. ಅದು ದಿನದ ಕೊನೆಯ ತೀರ್ಮಾನ. ತೀರ್ಮಾನವನ್ನೇ ಮೊದಲ ಸಾಲಲ್ಲಿ ಬರೆದುಬಿಟ್ಟರೆ ಆಮೇಲೆ ಬರೆಯೋಕೆ ಏನು ಉಳಿಯುತ್ತೆ? ಅದರ ಹಿಂದೆ ಇದ್ದದ್ದನ್ನ ಬರೀರಿ. ಎಷ್ಟು ಹೊತ್ತಿಗೆ, ಎಲ್ಲಿ, ಏನು ಕಣ್ಣಿಗೆ ಬಿತ್ತು, ಯಾರು ಏನಂದ್ರು. ನಾನಂತೂ "ಇವತ್ತು" ಅಂತ ಶುರು ಮಾಡೋದನ್ನ ಬಿಟ್ಟು ಎಷ್ಟೋ ಕಾಲ ಆಯ್ತು. "ಇವತ್ತು" ಅಂದ ಕೂಡಲೇ ಇಡೀ ದಿನಕ್ಕೆ ಲೆಕ್ಕ ಒಪ್ಪಿಸಬೇಕಾಗುತ್ತೆ. ಗಡಿಯಾರದ ಹೊತ್ತಿನಿಂದ ಶುರು ಮಾಡಿದರೆ ಆ ಒಂದು ಗಳಿಗೆಗೆ ಮಾತ್ರ ಜವಾಬು ಕೊಟ್ಟರೆ ಸಾಕು.

ನನ್ನ ಡೈರಿಯದೇ ಒಂದು ತುಣುಕು ಹಾಕ್ತೀನಿ. ನಮ್ಮಪ್ಪನಿಗೆ ಪಾರ್ಶ್ವವಾಯು ಆಗಿ ಬಲಗೈ ಸ್ವಾಧೀನ ಕಮ್ಮಿಯಾಗಿತ್ತು. ಆಗ ಬರೆದದ್ದು:

"7.15. ಅಪ್ಪ ತಾವೇ ಶರ್ಟು ಹಾಕಿಕೊಂಡು ಬಂದರು. ಗುಂಡಿಯನ್ನ ಕೆಳಗಿಂದ ಹಾಕ್ತಾ ಬಂದಿದ್ದಾರೆ. ಯಾಕೆ ಕೆಳಗಿಂದ ಅಂದೆ. 'ಕೆಳಗಿನದು ಕಣ್ಣಿಗೆ ಕಾಣುತ್ತೆ, ಕತ್ತಿನ ಹತ್ತಿರದ್ದನ್ನ ಕೈಯೇ ಹುಡುಕಬೇಕಲ್ಲ' ಅಂದರು. ಮೇಲಿನ ಎರಡು ಗುಂಡಿ ಉಳಿದಿತ್ತು. ನಾನು ಹಾಕುವಾಗ ಗಲ್ಲ ಮೇಲೆತ್ತಿ ನಿಂತಿದ್ದರು."

ಇಷ್ಟೇ. ಇದರಲ್ಲಿ ದುಃಖ, ಹೆಮ್ಮೆ, ಭಯ ಅನ್ನೋ ಪದ ಒಂದೂ ಇಲ್ಲ. ಆದರೆ ಈಗ ಓದಿದಾಗ ಅವತ್ತಿನ ಹೆಮ್ಮೆನೂ ಬರುತ್ತೆ, ಸಂಕಟಾನೂ ಬರುತ್ತೆ, ಜೊತೆಗೆ ಅಪ್ಪನ ಶರ್ಟಿನ ಕಾಲರಿನ ಸವೆದ ಅಂಚೂ ಕಣ್ಣಿಗೆ ಬರುತ್ತೆ. ಅದನ್ನ ಬರೆದೇ ಇರಲಿಲ್ಲ ನಾನು. ಅವತ್ತು "ಅಪ್ಪನ್ನ ನೋಡಿ ತುಂಬಾ ಸಂಕಟವಾಯ್ತು" ಅಂತ ಬರೆದಿದ್ದರೆ ಆ ಬೆಳಿಗ್ಗೆ ನನ್ನ ಕೈಗೆ ಮತ್ತೆ ಸಿಗುತ್ತಿರಲಿಲ್ಲ.

ಮೊದಲ ಸಾಲು ಏನಿರಬೇಕು ಅಂತ ಕೇಳಿದಿರಿ. ಯಾರೋ ನಿಮ್ಮನ್ನ ಕೇಳಿದ ಒಂದು ಪ್ರಶ್ನೆ ಇರಲಿ. ಇದು ತುಂಬಾ ಹಳೆಯ ಉಪಾಯ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ತನ್ನ ದಿನಚರಿ ಶುರು ಮಾಡಿದ್ದು 1837ರ ಅಕ್ಟೋಬರ್ 22ರಂದು, ಇಪ್ಪತ್ತರ ಹುಡುಗನಾಗಿದ್ದಾಗ. ಮೊದಲ ನಮೂದಿನಲ್ಲಿ ಇರೋದು ಇನ್ನೊಬ್ಬರು ಅವನನ್ನ ಕೇಳಿದ ಮಾತು: ಈಗ ಏನು ಮಾಡ್ತಿದ್ದೀಯ, ದಿನಚರಿ ಬರೀತೀಯಾ ಅಂತ. ಹಾಗಾಗಿ ಇವತ್ತು ಮೊದಲ ನಮೂದು ಮಾಡ್ತಿದ್ದೀನಿ ಅಂತ ಆಮೇಲೆ ಸೇರಿಸಿದ್ದಾನೆ. ಗುರಿಯ ಮಾತಿಲ್ಲ, ಸಂಕಲ್ಪದ ಮಾತಿಲ್ಲ. ಅಲ್ಲಿಂದ 1861ರ ತನಕ ಬರೆದ. ನಿಮ್ಮಮ್ಮ ದಿನಕ್ಕೆ ಎಷ್ಟು ಪ್ರಶ್ನೆ ಕೇಳ್ತಾರೋ, ನಿಮಗೆ ಮೊದಲ ಸಾಲಿಗೆ ಬರವೇ ಇಲ್ಲ. ಅವರು ಕೇಳಿದ್ದು ಒಂದು ಸಾಲು, ನೀವು ಕೊಟ್ಟ ಉತ್ತರ ಒಂದು ಸಾಲು, ಅದಕ್ಕೆ ಅವರು ಅಂದದ್ದು ಒಂದು ಸಾಲು. ಮೂರಾಯ್ತು. ಅಲ್ಲಿಗೆ ನಿಲ್ಲಿಸಿದರೂ ಅದು ಪೂರ್ತಿ ಡೈರಿಯೇ.

ಲೆಕ್ಕದ ಪುಸ್ತಕದಲ್ಲಿ ತಾರೀಖು, ವಿವರ, ಮೊತ್ತ ಅಂತ ಕಾಲಂ ಇರುತ್ತಲ್ಲ, ನೀವು ಇಷ್ಟು ವರ್ಷ ವಿವರದ ಕಾಲಂ ತುಂಬಿಸ್ತಾ ಬಂದವರು. ಆ ಕಣ್ಣು ನಿಮಗೆ ಈಗಾಗಲೇ ಇದೆ. ಮೊತ್ತದ ಕಾಲಂ ಖಾಲಿ ಬಿಡಿ.

ಹಗಲಲ್ಲಿ ಮರೆತುಹೋಗುತ್ತೆ ಅನ್ನಿಸಿದರೆ ಕೈಗೆ ಸಿಕ್ಕ ಚೀಟಿಯಲ್ಲಿ ಎರಡು ಪದ ಗೀಚಿಕೊಳ್ಳಿ. ನಾವು ವಾರ್ಡಿನಲ್ಲಿ ಅಂಗೈ ಮೇಲೂ ಬರೆದುಕೊಂಡಿದ್ದುಂಟು. "ಗುಂಡಿ ಕೆಳಗಿಂದ" ಅಂತ ಎರಡು ಪದ ಇದ್ದರೆ ರಾತ್ರಿ ಬರೆಯೋಕೆ ಕೂತಾಗ ಆ ಬೆಳಿಗ್ಗೆ ಪೂರ್ತಿ ನೆನಪಿಗೆ ಬರುತ್ತೆ.

ತೆರೆದಕಿಟಕಿ:

ರಾತ್ರಿಪಾಳಿ ಅವರು ಬರೆದದ್ದನ್ನು ಎರಡು ಸಲ ಓದಿದೆ. ನಾನು ಆಪ್ತಸಮಾಲೋಚಕನಾಗಿ ಕೆಲಸ ಮಾಡುತ್ತೇನೆ. ಬಹುತೇಕ ಒಪ್ಪುತ್ತೇನೆ, ಒಂದು ವಿಷಯದಲ್ಲಿ ಮಾತ್ರ ಸ್ವಲ್ಪ ಬೇರೆ ಅಭಿಪ್ರಾಯ ಇದೆ.

ಅರ್ಧಸಾಲು ಅವರು ಕೇಳಿರುವುದು ಎರಡು. ಅಮ್ಮನ ದಿನಗಳನ್ನು ಹಿಡಿದಿಡುವುದು ಒಂದು, ತಮ್ಮ ತಲೆ ಹಗುರಾಗುವುದು ಇನ್ನೊಂದು. ಮೊದಲನೆಯದಕ್ಕೆ ನೋಡಿದ್ದು, ಕೇಳಿದ್ದು ಸಾಕು. ಎರಡನೆಯದಕ್ಕೆ ಸಾಲದು.

1986ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಪ್ರಕಟಿಸಿದ ಒಂದು ಅಧ್ಯಯನವಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಸತತ 4 ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಕೆಲವರು ಸಾಧಾರಣ ವಿಷಯಗಳ ಬಗ್ಗೆ ಬರೆದರು. ಉಳಿದವರು ತಮ್ಮ ಬದುಕಿನ ನೋವಿನ ಘಟನೆಯ ಬಗ್ಗೆ ಬರೆದರು. ಅವರಲ್ಲೂ ಮೂರು ಗುಂಪು: ನಡೆದದ್ದನ್ನು ಮಾತ್ರ ಬರೆದವರು, ಅನಿಸಿದ್ದನ್ನು ಮಾತ್ರ ಬರೆದವರು, ಎರಡನ್ನೂ ಸೇರಿಸಿ ಬರೆದವರು. ಮುಂದಿನ 6 ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗುವ ಅಗತ್ಯ ಕಡಿಮೆ ಬಿದ್ದದ್ದು ಎರಡನ್ನೂ ಸೇರಿಸಿ ಬರೆದವರಿಗೆ. ಬರೆದ ಕೂಡಲೇ ಮಾತ್ರ ಅವರಿಗೆ ಹಗುರವಾಗಿರಲಿಲ್ಲ, ಮನಸ್ಸು ಇನ್ನಷ್ಟು ಭಾರವಾಗಿತ್ತು. ಆಮೇಲೆ ಇಂಥ ಅಧ್ಯಯನಗಳು ಬೇಕಾದಷ್ಟು ನಡೆದಿವೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಿಗುವ ಪ್ರಯೋಜನ ಸಣ್ಣದು, ಆದರೆ ಇದೆ. ಬರವಣಿಗೆಯಿಂದ ಎಲ್ಲ ಗುಣವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಏನೂ ಆಗುವುದಿಲ್ಲ ಎಂದರೂ ನಂಬಬೇಡಿ.

ಹಾಗಾಗಿ, ನೋಡಿದ್ದನ್ನು ಬರೆದ ಮೇಲೆ "ಆಗ ನನಗೆ ಏನಾಯಿತು" ಎಂದು ಒಂದು ಸಾಲು ಸೇರಿಸಿ ಎನ್ನುವುದು ನನ್ನ ಮಾತು. "ಬೇಜಾರು" ಎನ್ನುವ ಒಂದೇ ಪದದಲ್ಲಿ ಎಷ್ಟೆಲ್ಲ ಅಡಗಿರುತ್ತದೆ: ಸಿಟ್ಟು, ಒಂಟಿತನ, ನಿದ್ದೆಗೆಟ್ಟ ದಣಿವು, ಇದು ಮುಗಿದರೆ ಸಾಕು ಎನ್ನುವ ಆಸೆ, ಹಾಗೆ ಆಸೆಪಟ್ಟೆನಲ್ಲ ಎನ್ನುವ ನಾಚಿಕೆ. ಯಾರನ್ನಾದರೂ ನೋಡಿಕೊಳ್ಳುತ್ತಿರುವವರಿಗೆ ಇವೆಲ್ಲ ಬರುವುದು ಸಹಜ. ಪುಟದ ಮೇಲೆ ಅದರ ಸರಿಯಾದ ಹೆಸರನ್ನೇ ಬರೆಯಿರಿ. ಸಿಟ್ಟಾಗಿದ್ದರೆ ಸಿಟ್ಟು ಎಂದೇ ಬರೆಯಿರಿ.

ಗೋಳಾಗುತ್ತದೆ ಎಂದು ಹೆದರಬೇಡಿ. ಗೋಳು ಬರೆದರೆ ತಪ್ಪೇನಿಲ್ಲ, ಒಂದೇ ವಾಕ್ಯ ಸುತ್ತಿ ಸುತ್ತಿ ಬರುತ್ತಿದ್ದರೆ ಮಾತ್ರ ಗಮನಿಸಬೇಕು. ಆಗ ಒಂದು ಕೆಲಸ ಮಾಡಿ: "ನಾನು" ಎನ್ನುವ ಕಡೆ ನಿಮ್ಮ ಹೆಸರನ್ನೇ ಹಾಕಿ, ಬೇರೊಬ್ಬರ ಬಗ್ಗೆ ಬರೆಯುವಂತೆ ನಾಲ್ಕು ಸಾಲು ಬರೆಯಿರಿ. ಅವಳು ಬೆಳಿಗ್ಗೆ ಎಷ್ಟಕ್ಕೆ ಎದ್ದಳು, ಅವಳಿಗೆ ಯಾರು ಸಹಾಯ ಮಾಡಿದರು, ಯಾರೂ ಮಾಡಲಿಲ್ಲವೆ. ಹಾಗೆ ಬರೆದಾಗ ಬೇರೆಯವರಿಗೆ ತೋರುವ ಕರುಣೆ ನಮಗೆ ನಾವೇ ತೋರಿಕೊಳ್ಳುವುದು ಸುಲಭವಾಗುತ್ತದೆ, ನನ್ನಲ್ಲಿಗೆ ಬರುವವರಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಯಾವುದಾದರೂ ವಿಷಯ ಬರೆಯುವಾಗ ಕೈ ನಡುಗುವಷ್ಟು ಕಷ್ಟವಾದರೆ ನಿಲ್ಲಿಸಿ ಎದ್ದುಬಿಡಿ, ಅದನ್ನು ಇನ್ನೊಂದು ದಿನಕ್ಕೆ ಬಿಡಿ ಅಥವಾ ಬಿಟ್ಟೇಬಿಡಿ. ವಾರಗಟ್ಟಲೆ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಇದ್ದರೆ ಡೈರಿಯೊಂದನ್ನೇ ನೆಚ್ಚಿಕೊಳ್ಳದೆ ಡಾಕ್ಟರ ಹತ್ತಿರ ನಿಮ್ಮ ಬಗ್ಗೆಯೂ ಮಾತಾಡಿ. ಅಮ್ಮನ ಫೈಲು ಹಿಡಿದು ಹೋಗುವವರು ತಮ್ಮ ವಿಷಯ ಹೇಳುವುದೇ ಇಲ್ಲ.

ಬೀಗದಕೈ:

ಓದಿಬಿಡ್ತಾರೆ ಅನ್ನೋ ಅಳುಕಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ನಾನು ಬರೀತೀನಿ.

ಅಳುಕು ಸುಳ್ಳಲ್ಲ. ಯಾರೋ ಹೆಗಲ ಮೇಲಿಂದ ಇಣುಕ್ತಿದ್ದಾರೆ ಅನ್ನಿಸಿದರೆ ಬರೆಯೋದೆಲ್ಲ ಅವರಿಗೆ ತೋರಿಸೋಕೆ ಬರೆದ ಹಾಗೆ ಆಗುತ್ತೆ. ಇಂಗ್ಲೆಂಡಿನ ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೆಪಿಸ್ 1660ರ ಜನವರಿ 1ರಿಂದ 1669ರ ಮೇ 31ರವರೆಗೆ ಡೈರಿ ಬರೆದದ್ದು ಶೀಘ್ರಲಿಪಿಯಲ್ಲಿ, ಅಂದರೆ ಶಾರ್ಟ್‌ಹ್ಯಾಂಡಿನಲ್ಲಿ. ಅದನ್ನ ಬಿಡಿಸಿ ಮೊದಲು ಅಚ್ಚು ಹಾಕಿದ್ದು 1825ರಲ್ಲಿ. ನಾವು ಅಷ್ಟು ದೂರ ಹೋಗಬೇಕಿಲ್ಲ. ನಾನು ಮನೆಯವರಿಗೆ ನೇರವಾಗಿ ಹೇಳಿಬಿಟ್ಟೆ: ಇದು ನನ್ನ ನೋಟ್‌ಬುಕ್, ತೆರೀಬೇಡಿ. ಬಚ್ಚಿಟ್ಟರೆ ಹುಡುಕಬೇಕು ಅನ್ನಿಸುತ್ತೆ, ಹೇಳಿದರೆ ಹೆಚ್ಚಿನವರು ಬಿಡ್ತಾರೆ. ಹೆಸರು ಬರೆಯೋ ಕಡೆ ಒಂದಕ್ಷರ ಹಾಕ್ತೀನಿ. ತೀರಾ ಕಹಿಯಾದದ್ದನ್ನ ಬಿಡಿ ಹಾಳೆಯಲ್ಲಿ ಬರೆದು ಹರಿದು ಹಾಕ್ತೀನಿ. ಹರಿದ ಮೇಲೆ ಬರೆದದ್ದು ವ್ಯರ್ಥ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಕೈಬರಹ ಕಷ್ಟ ಅನ್ನಿಸಿದ ದಿನ ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ, ಅಕ್ಷರವಾಗಿ ಬರುತ್ತೆ. ಅಲ್ಲಲ್ಲಿ ತಪ್ಪು ಕೇಳಿಸಿಕೊಳ್ಳುತ್ತೆ, ತಿದ್ದೋಕೆ ಕೂರಬೇಡಿ. ಫೋನಲ್ಲಿ ಬರೆದರೆ ಲಾಕ್ ಇರಲಿ, ಅಷ್ಟೇ.

ಅರ್ಧಸಾಲು:

ನಿಮಗೆಲ್ಲ ಹೇಗೆ ಧನ್ಯವಾದ ಹೇಳಬೇಕೋ ತಿಳೀತಿಲ್ಲ. ನೋಟ್‌ಬುಕ್ಕನ್ನ ಮಾತ್ರೆ ಡಬ್ಬಿ ಪಕ್ಕ ಇಟ್ಟಿದ್ದೀನಿ. "ಇವತ್ತು" ಅನ್ನೋ ಪದ ಬಿಟ್ಟೆ. ಬರೆದದ್ದು ಇದು:

"8.50. ಅಮ್ಮ ಕೇಳಿದರು, 'ನೀನು ಈಗ ಹೊರಡ್ತೀಯಾ, ರಾತ್ರಿ ಇಲ್ಲೇ ಇರ್ತೀಯಾ?' ಇಲ್ಲೇ ಇರ್ತೀನಿ ಅಂದೆ. 'ಹಾಗಾದ್ರೆ ಬಾಗಿಲು ಹಾಕಿ ಬಾ, ನನಗೆ ಆ ಚಿಲಕ ಎಟುಕಲ್ಲ' ಅಂದರು. ಚಿಲಕ ಅವರ ಭುಜದ ಎತ್ತರಕ್ಕೇ ಇದೆ. ನಮ್ಮ ಹಳೇ ಮನೆಯ ಬಾಗಿಲಿಗೆ ಚಿಲಕ ಮೇಲಿತ್ತು."

ಕೊನೆಯ ವಾಕ್ಯ ಬರೆಯುವಾಗಲೇ ನನಗೆ ಹೊಳೆದದ್ದು, ಅವರು ಹಳೇ ಮನೆಯಲ್ಲಿ ಇದ್ದಾರೆ ಅಂತ. ಅವರು ಕೇಳಿದಾಗ ನನಗೆ ತಿಳಿದಿರಲಿಲ್ಲ. ಬರೀದೆ ಇದ್ದಿದ್ದರೆ ತಿಳೀತಾನೂ ಇರಲಿಲ್ಲ. ಇವರು ನನ್ನನ್ನ ಯಾರೋ ಬಂದುಹೋಗೋರು ಅಂದ್ಕೊಂಡ್ರು ಅಂತ ಮನಸ್ಸಿಗೆ ಚುಚ್ಚಿತ್ತು. ಈಗ ಚುಚ್ಚೋದು ಕಮ್ಮಿ ಆಗಿಲ್ಲ, ಆದರೆ ಅವರು ಎಲ್ಲಿದ್ದಾರೆ ಅಂತ ಗೊತ್ತಾಯ್ತು.

ರಾತ್ರಿಪಾಳಿ ಅವರೇ, ನಿಮ್ಮನ್ನ ಅಕ್ಕ ಅಂತಲೇ ಕರೀತೀನಿ. ಎರಡು ಕೇಳಬೇಕು. ಅಮ್ಮ ಒಂದೇ ಪ್ರಶ್ನೆಯನ್ನ ಸಂಜೆಯಿಂದ ರಾತ್ರಿವರೆಗೆ ಕೇಳ್ತಾನೇ ಇರ್ತಾರೆ. ಪ್ರತಿ ಸಲವೂ ಬರೀಬೇಕಾ? ಮತ್ತೆ ತೆರೆದಕಿಟಕಿ ಸರ್ ಹೇಳಿದ ಹಾಗೆ ನನ್ನದನ್ನೂ ಬರೆದರೆ ಅಮ್ಮನದು ನನ್ನದು ಎಲ್ಲ ಕಲಸಿಹೋಗಲ್ವಾ?

ರಾತ್ರಿಪಾಳಿ:

ಖಂಡಿತ ಅಕ್ಕ ಅನ್ನಿ ತಾಯಿ.

ಆ ಚಿಲಕದ ಸಾಲು ಎಷ್ಟು ಚೆನ್ನಾಗಿ ಹಿಡಿದಿದ್ದೀರಿ. ಇನ್ನು ಮೊದಲ ಸಾಲಿನ ಚಿಂತೆ ನಿಮಗೆ ಬೇಡ.

ತೆರೆದಕಿಟಕಿ ಅವರು ಹೇಳಿದ್ದು ಸರಿ, ಅದನ್ನ ನಾನು ಬಿಟ್ಟಿದ್ದೆ. ವಾರ್ಡಿನ ನೋಟ್ಸ್‌ನಲ್ಲಿ ನಮ್ಮ ಮನಸ್ಸಿನ ವಿಷಯಕ್ಕೆ ಜಾಗ ಇರಲ್ಲ, ಮನೆಯ ನೋಟ್‌ಬುಕ್ಕಿನಲ್ಲಿ ಇರಬೇಕು. ಕಲಸಿಹೋಗದ ಹಾಗೆ ಹೀಗೆ ಮಾಡಿ: ನೋಟ್‌ಬುಕ್ ತೆರೆದಾಗ ಎಡಗಡೆ ಪುಟ ಅಮ್ಮನಿಗೆ, ಬಲಗಡೆ ಪುಟ ನಿಮಗೆ. ಎಡಗಡೆ ನೋಡಿದ್ದು, ಕೇಳಿದ್ದು. ಬಲಗಡೆ ನಿಮಗೆ ಚುಚ್ಚಿದ್ದು. ಬಲಗಡೆ ಎಷ್ಟೋ ದಿನ ಖಾಲಿ ಉಳಿಯುತ್ತೆ, ಉಳೀಲಿ. ಮಧ್ಯದಲ್ಲಿ ಬರೆಯದೆ ದಿನಗಳು ಹೋದರೂ ಹಿಂದಕ್ಕೆ ಹೋಗಿ ತುಂಬಿಸೋಕೆ ಕೂರಬೇಡಿ. ಆ ದಿನಗಳು ಹೋದವು, ಬರೆಯೋ ದಿನದ ತಾರೀಖು ಹಾಕಿ ಮುಂದಿನ ಸಾಲಿಂದ ಶುರು ಮಾಡಿ.

ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಮೊದಲ ಸಲ ಪೂರ್ತಿ ಬರೀರಿ. ಆಮೇಲೆ ಅದರ ಪಕ್ಕದಲ್ಲಿ ಹೊತ್ತು ಮಾತ್ರ ಹಾಕ್ತಾ ಹೋಗಿ: 8.50, 9.05, 9.20. ಮಾತಿನಲ್ಲಿ ಒಂದು ಪದ ಬದಲಾದರೂ ಆ ಬದಲಾದದ್ದನ್ನ ಬರೀರಿ. "ಹೊರಡ್ತೀಯಾ" ಅಂದೋರು ಇನ್ನೊಂದು ದಿನ "ಹೊರಡ್ತೀರಾ" ಅಂದರೆ ಅದು ದೊಡ್ಡ ವಿಷಯ, ಅವತ್ತು ನಿಮ್ಮನ್ನ ಮಗಳು ಅಂತ ಗುರುತು ಹಿಡಿದಿಲ್ಲ ಅಂತ ಅರ್ಥ ಇರಬಹುದು. ಸಂಜೆ ಹೊತ್ತಿಗೆ ಜಾಸ್ತಿ ಆಗುತ್ತಾ ಅಂತಲೂ ನೋಡಿ, ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಸಂಜೆಯಾಗ್ತಾ ಗಲಿಬಿಲಿ ಹೆಚ್ಚುತ್ತೆ. ರಾತ್ರಿ ನಿದ್ದೆ ಹೇಗಿತ್ತು, ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟಿರಿ ಅನ್ನೋದೂ ಎಡಗಡೆಯೇ ಇರಲಿ.

ನಿಮ್ಮ ತಂಗಿ ಮುಂದಿನ ಸಲ ಕೇಳಿದಾಗ ಓದಿ ಹೇಳೋಕೆ ಇದು ಸಾಕು. ಡಾಕ್ಟರ ಹತ್ತಿರ ಹೋಗುವಾಗಲೂ ಎಡಗಡೆ ಪುಟಗಳನ್ನ ಫೋಟೋ ತೆಗೆದುಕೊಂಡು ಹೋಗಿ. "ಹೇಗಿದ್ದಾರೆ" ಅಂತ ಅವರು ಕೇಳೋಕೆ ಮುಂಚೆಯೇ ಅದನ್ನ ತೋರಿಸಿ. ತಾರೀಖು ಫೋಟೋದಲ್ಲಿ ಕಾಣೋ ಹಾಗೆ ತೆಗೀರಿ, ಬಲಗಡೆ ಪುಟದ ಮೇಲೆ ಒಂದು ಬಿಳಿ ಹಾಳೆ ಮುಚ್ಚಿಡಿ.